ಮೆಷಿನ್ ಬಂತು, ಹೊಲಿಗೆ ಬರಲಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆಗಲೇ ಮೆಷಿನ್ ಸದ್ದು. ಬ್ಯಾಗಕ್ಕ ದಪ್ಪ ಕ್ಯಾನ್ವಾಸಿನ ಪದರಗಳನ್ನು ಒಟ್ಟಿಗೆ ಹಿಡಿದು ಸೂಜಿಯ ಕೆಳಗೆ ತಳ್ಳುತ್ತಾರೆ. ಶಾಲೆಯ ಚೀಲಕ್ಕೆ ಹೆಗಲಪಟ್ಟಿ ಕೂರುತ್ತದೆ. ಎರಡೂ ಕೈಯಿಂದ ಪಟ್ಟಿ ಜಗ್ಗಿ ನೋಡಿದ ಮೇಲೇ ಚೀಲ ಪಕ್ಕಕ್ಕೆ ಹೋಗುವುದು. "ಮಕ್ಕಳು ಇದನ್ನ ಬರೀ ಹೆಗಲಿಗೆ ಹಾಕ್ಕೋತಾರಾ? ಎಳೀತಾರೆ, ಮೇಲೆ ಕೂರ್ತಾರೆ, ಫುಟ್‌ಬಾಲೂ ಆಡ್ತಾರೆ," ಎಂದು ನಗುತ್ತಾರೆ.

ಬ್ಯಾಗಕ್ಕ ಎಂಬುದು ಓಣಿಯ ಮಕ್ಕಳು ಇಟ್ಟ ಹೆಸರು. ಗಂಡ ಲಾರಿ ಓಡಿಸುತ್ತಾರೆ, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಜೊತೆಗಿರುವುದು ಅತ್ತೆ. ಎಷ್ಟೋ ವರ್ಷ ಹರಿದ ಚೀಲ ಹೊಲಿದುಕೊಟ್ಟ ಮೇಲೆ, ಮೊದಲ ಬಾರಿಗೆ ಒಂದು ಶಾಲೆ ಹೊಸ ಚೀಲಗಳಿಗೆ ಆರ್ಡರ್ ಕೊಟ್ಟಿತು. ಹಳೆಯ ಮೆಷಿನ್ ಅಷ್ಟು ದಪ್ಪ ಬಟ್ಟೆಗೆ ಬಗ್ಗಲಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಹೊಸದು ತಂದರು. ಮೊದಲ ಚೀಲಕ್ಕೇ ಅದರ ಬಂಡವಾಳ ಬಯಲಾಯಿತು. ಎರಡು ಹೊಲಿಗೆ ಬಿದ್ದರೆ ಮೂರನೆಯದು ಬೀಳದು. ಅಂಗಡಿಯವನು ದುಡ್ಡು ವಾಪಸ್ ಕೊಡುವುದಿರಲಿ, "ನಿಮ್ಮ ಕೈ ಪಳಗಿಲ್ಲಮ್ಮ" ಎಂದುಬಿಟ್ಟ. ಹೊಲಿಗೆಯಲ್ಲೇ ಕೂದಲು ನರೆತವರಿಗೆ ಹೇಳುವ ಮಾತೇ ಇದು? ಅವರ ಪಕ್ಕ ಕೂತು ಕೇಳುವ ನನಗೇ ಮೈ ಉರಿಯುತ್ತದೆ.

"ದುಡ್ಡು ಬಂದ್ರೆ ಬೇರೆ ಮೆಷಿನ್ನು. ಇಲ್ಲಾಂದ್ರೆ ಆರ್ಡರ್ರೂ ಇಲ್ಲ, ಕಾರ್ಡಿನ ಸಾಲ ಮಾತ್ರ ತಲೆ ಮೇಲೆ," ಎಂದು ಆ ದಿನಗಳನ್ನು ನೆನೆಯುತ್ತಾರೆ. ಕಾರ್ಡಿನಲ್ಲಿ ಕೊಂಡ ಮಾಲಿನ ತಕರಾರನ್ನು ಬ್ಯಾಂಕೂ ಕೇಳುತ್ತದೆ ಎಂದು, ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿದರು. ಅಲ್ಲೇ ಎಡವಟ್ಟಾಯಿತು. ಹೊಲಿಗೆಯವರ ಬಾಯಲ್ಲಿ ಹೊಲಿಗೆ ಒಂದೋ 'ಬರುತ್ತದೆ', ಇಲ್ಲವೇ 'ಬರುವುದಿಲ್ಲ'. ಇವರು ಅದೇ ರೂಢಿಯಲ್ಲಿ, "ಹೊಸ ಮೆಷಿನ್ ತಗೊಂಡೆ, ಬರ್ತಾನೇ ಇಲ್ಲ," ಎಂದರು.

"ಬಂದೇ ಇಲ್ವಾ ಮೇಡಂ?" ಎಂದಳು ಬ್ಯಾಂಕಿನ ಹುಡುಗಿ.

"ಒಂಚೂರೂ ಬಂದಿಲ್ಲ ಕಣಮ್ಮ!"

ಮಾಲು ತಲುಪಿಲ್ಲ ಎಂದು ದೂರು ದಾಖಲಾಯಿತು. ಅಂಗಡಿಯವನು ಇವರೇ ಸಹಿ ಹಾಕಿದ್ದ ಡೆಲಿವರಿ ಚೀಟಿಯನ್ನು ಬ್ಯಾಂಕಿಗೆ ಕಳಿಸಿದ. ದೂರು ವಜಾ. "ದುಡ್ಡಂತೂ ಹೋಯ್ತು, ಸುಳ್ಳಿ ಅಂತ ಹೆಸರು ಬೇರೆ ಬಂತು," ಎಂದು ಅತ್ತೆ ತಲೆ ಚಚ್ಚಿಕೊಂಡರು. ಬ್ಯಾಂಕಿನ ಉತ್ತರವನ್ನು ಎರಡೆರಡು ಸಲ ಓದಿದ ಸೊಸೆಗೆ ಆಗ ಹೊಳೆಯಿತು. ಮತ್ತೆ ಫೋನ್ ಎತ್ತಿದರು.

"ಮೆಷಿನ್ ಬಂದಿದೆ ತಾಯಿ, ಹೊಲಿಗೆ ಬಂದಿಲ್ಲ!"

ಆ ಕಡೆಯ ಹುಡುಗಿಗೆ ತಡೆಯಲಾರದ ನಗು. "ಅಯ್ಯೋ, ಮಾಲು ಕೆಟ್ಟಿದೆ ಅನ್ನಿ ಮೇಡಂ! ವಿಡಿಯೋ ಕಳಿಸಿ, ಮೆಕ್ಯಾನಿಕ್ ಹತ್ರ ಬರೆಸಿಕೊಡಿ."

ಇವರು ಹೊಲಿದರು, ಅತ್ತೆ ಮೊಬೈಲ್ ಹಿಡಿದರು. ಮೊದಲ ವಿಡಿಯೋದಲ್ಲಿ ಕಂಡದ್ದು ಅತ್ತೆಯ ಹೆಬ್ಬೆರಳು ಮಾತ್ರ. ಎರಡನೆಯದರಲ್ಲಿ ಹೊಲಿಗೆ ತಪ್ಪುವುದು ಸ್ಪಷ್ಟವಾಗಿ ಸೆರೆಯಾಯಿತು. ಒಳಗಿನ ಕಂಬಿಯೇ ಸೊಟ್ಟಗಿದೆ ಎಂದು ಮೆಕ್ಯಾನಿಕ್ ಬರೆದುಕೊಟ್ಟ. ವಿಡಿಯೋ, ಚೀಟಿ ಎರಡೂ ಬ್ಯಾಂಕಿಗೆ ಹೋದವು. ಪೂರ್ತಿ ಹಣ ಕಾರ್ಡಿಗೆ ವಾಪಸ್ ಬಂತು! ಮೆಷಿನ್ ಒಯ್ಯಲು ಅವನೇ ಬರಬೇಕಾಯಿತು. ಅದನ್ನು ಹೊತ್ತು ಹೊಸ್ತಿಲು ದಾಟಲು ಅವನು ಒದ್ದಾಡುತ್ತಿದ್ದರೆ ಅತ್ತೆ, "ಜೋಪಾನ ಕಣಪ್ಪ, ನಿನ್ನ ಕೈ ಪಳಗಿಲ್ಲ," ಎಂದರಂತೆ.

ಆ ಹಣದಲ್ಲಿ ಬೇರೆ ಅಂಗಡಿಯಿಂದ ತಂದ ಮೆಷಿನ್ನೇ ಈಗ ಕೋಣೆಯಲ್ಲಿ ಓಡುತ್ತಿದೆ. ಆರ್ಡರ್ ಹೇಳಿದ ದಿನಕ್ಕೇ ಮುಗಿಯಿತು. ಈ ವರ್ಷವೂ ಅದೇ ಶಾಲೆ ಕೇಳಿಕೊಂಡು ಬಂದಿದೆ.

"ಯಾರ ಕೈಕಾಲೂ ಹಿಡೀದೆ ನನ್ನ ದುಡ್ಡು ನಾನೇ ತರಿಸ್ಕೊಂಡೆ," ಎನ್ನುತ್ತಾ ದಾರ ಕತ್ತರಿಸುತ್ತಾರೆ ಬ್ಯಾಗಕ್ಕ. "ಶಾಲೆ ಶುರುವಾದ ದಿನ ಗೇಟಿನ ಹತ್ರ ಹೋಗಿ ನಿಂತಿದ್ದೆ. ಒಂದು ಮಗುವಿನ ಮುಖಾನೂ ನೋಡ್ಲಿಲ್ಲ ನೋಡಿ. ಬರೀ ಬೆನ್ನು ನೋಡ್ತಾ ನಿಂತೆ."