ಕುರಿಗಳಿಗೆ ಕಡಲ ಹಾಡು

ನಾಗನೂರಿನ ನಮ್ಮ ಹಟ್ಟಿಗೆ ಉಣ್ಣೆ ಕತ್ತರಿಸಲು ಬರುತ್ತಿದ್ದ ಆತ ಮೊದಲು ಹೊರತೆಗೆಯುತ್ತಿದ್ದುದು ಕತ್ತರಿಯನ್ನಲ್ಲ, ಮೊಬೈಲನ್ನು. ಅಲೆಗಳ ಸದ್ದಿನ ಮೇಲೆ ತೇಲಿಬರುವ ನಿಧಾನಗತಿಯ ಇಂಗ್ಲಿಷ್ ಹಾಡು ಹಚ್ಚುತ್ತಿದ್ದ.

“ಸಮುದ್ರ ನೋಡೀಯೇನೋ?” ಎಂದು ಅಪ್ಪ ಕೆಣಕಿದರೆ, “ಕುರಿ ನೋಡ್ಯಾವೇನ್ರಿ? ಆದ್ರೂ ಈ ಹಾಡು ಕೇಳಿ ಸುಮ್ನ ಮಲಗ್ತಾವ. ಅವಸರ ಬ್ಯಾಡ್ರಿ,” ಎನ್ನುತ್ತಿದ್ದ. ಅವನ ಯಾವ ಮಾತೂ ಮುಗಿಯುತ್ತಿದ್ದುದು ‘ಅವಸರ ಬ್ಯಾಡ್ರಿ’ ಎಂದೇ.

ಹಿಂದಿನ ವರ್ಷ ಅವನ ಬದಲು ಬಂದಿದ್ದ ಬೇರೊಬ್ಬ ನಮ್ಮ ಒಂದು ಕುರಿಯ ಹೊಟ್ಟೆಗೆ ಗಾಯ ಮಾಡಿ, ಕುರಿಯೇ ಕೊಸರಿತೆಂದು ಹೊರಟುಹೋಗಿದ್ದ. ಈ ಸಲ ಅದೇ ಕುರಿ ಗಬ್ಬವಾಗಿತ್ತು. “ಗಾಯ ಆದ್ರ ಹೊಣಿ ಯಾರು?” ಎಂದು ನಾನು ಮೊದಲೇ ಕೇಳಿದೆ. ಆತ ಹಾಡು ಹಚ್ಚಿ ಕೆಲಸಕ್ಕಿಳಿದ.

ಕತ್ತರಿ ಹೊಟ್ಟೆಯ ಬಳಿ ಬಂದಾಗ ಹಾಡು ಮುಗಿದು ಜಾಹೀರಾತೊಂದು ಅರಚಿತು. ಕುರಿ ಜಿಗಿಯಿತು. ನೆತ್ತರು ಕಂಡು ಅವ್ವ ಚೀರಿದಳು. ಕುರಿಯ ಹೊಟ್ಟೆಯನ್ನು ಎರಡೆರಡು ಬಾರಿ ಸವರಿ ನೋಡಿ, ಗಾಯವಿಲ್ಲವೆಂದು ನಿಟ್ಟುಸಿರುಬಿಟ್ಟಳು. ಕತ್ತರಿಗೆ ಅಡ್ಡವಾಗಿ ಆತ ತನ್ನ ಎಡಗೈ ಇಟ್ಟಿದ್ದ, ನೆತ್ತರು ಅವನದು.

“ಕುರಿ ಹಾರಿತಲ್ಲೋ, ನೀ ಏನ್ ಮಾಡ್ತಿ,” ಎಂದ ಅಪ್ಪ.

“ಕುರಿದೇನು ತಪ್ಪ್ರಿ ಕಾಕಾ? ನಡುವ ಜಾಹೀರಾತು ಬರತೈತಿ ಅಂತ ಗೊತ್ತಿದ್ದೂ ಹಾಡು ಹಚ್ಚಿದಾಂವ ನಾನು.”

ನಾನು ಅವನ ಬೆರಳಿಗೆ ಬಟ್ಟೆ ಸುತ್ತಿದೆ. ಆತ ಮೊಬೈಲ್ ಬಂದ್ ಮಾಡಿ, ಅದೇ ರಾಗವನ್ನು ಗುನುಗುತ್ತ ಉಳಿದ ಉಣ್ಣೆಗೆ ಕೈಹಚ್ಚಿದ. ಕುರಿ ಕದಲಲಿಲ್ಲ.