ದನಿ ಕತ್ತರಿಸುತ್ತಿದ್ದವರು

ನಮ್ಮ ಸಮುದಾಯ ರೇಡಿಯೊದಲ್ಲಿ ನಾನು ಸುದ್ದಿ-ಸೂಚನೆ ಓದುವವಳು, ನನ್ನ ಸಹೋದ್ಯೋಗಿಯೊಬ್ಬರು ದನಿ ಕತ್ತರಿಸಿ ಅಂಟಿಸುವವರು. ಲೀಡರುಗಳ ಭಾಷಣದ ತುಂಡುಗಳ ನಡುವೆ ಕೊಟ್ಟೂರು ಸಂತೆಯ ಕುರಿಗಳ ಕೂಗು, ಬಸ್ಸಿನ ಹಾರನ್ನು ಸೇರಿಸಿ ವಾರಕ್ಕೊಂದು ವಿಡಂಬನೆ ಮಾಡುತ್ತಿದ್ದರು. ಊಟದ ಹೊತ್ತಿಗೂ ಹೆಡ್‌ಫೋನ್ ತೆಗೆಯದೆ ಮೂಲೆಯಲ್ಲಿ ಒಬ್ಬರೇ ಬುತ್ತಿ ಬಿಚ್ಚುತ್ತಿದ್ದರು. ಯಾರಾದರೂ ಹೊಗಳಿದರೆ ಒಂದೇ ಮಾತು: "ನಾ ಏನೂ ಅಂದಿಲ್ರಿ, ಅಂದಾವ್ರು ಅವರು."

ಒಮ್ಮೆ, ಒಬ್ಬ ಲೀಡರು ಮೂರು ಚುನಾವಣೆಗಳಲ್ಲೂ ಹೇಳಿದ್ದ "ನಾಳೆ ನೀರು ಬಿಡಸ್ತೀನಿ" ಎಂಬ ಮಾತನ್ನು ಸಾಲಾಗಿ ಜೋಡಿಸಿ, ನಡುನಡುವೆ ಖಾಲಿ ಕೊಡ ಬಡಿದ ಸದ್ದು ಇಟ್ಟರು. ಅದು ಪ್ರಸಾರವಾಗುವಾಗ ಸ್ಟುಡಿಯೊದಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮರುದಿನ ಜನರ ನಗುವನ್ನು ರೆಕಾರ್ಡ್ ಮಾಡಲು ಇಬ್ಬರೂ ಪಕ್ಕದ ಹಳ್ಳಿಗೆ ಹೋದರೆ, ನಲ್ಲಿಯ ಮುಂದೆ ಕೊಡಗಳ ಸಾಲು. ದಿನಾ ನೀರು ಬಿಡುವ ಹೊತ್ತನ್ನು ಹೇಳುತ್ತಿದ್ದದ್ದೂ ನಮ್ಮ ರೇಡಿಯೊವೇ.

"ನಿನ್ನಿ ರೇಡಿಯೊದಾಗ ನಾಳೆ ನೀರು ಬಿಡಸ್ತೀನಿ ಅಂದ್ರಲ್ರಿ, ಮುಂಜಾನಿಂದ ಕುಂತೀವ್ರಿ. ಎಷ್ಟೊತ್ತಿಗೆ ಬಿಡ್ತಾರ?" ಎಂದು ಮುದುಕಿಯೊಬ್ಬಳು ಅವರನ್ನು ಕೇಳಿದಳು. ಅವರ ಕೈಯಲ್ಲಿ ರೆಕಾರ್ಡರ್ ಓಡುತ್ತಲೇ ಇತ್ತು.

ಕೆಲಸ ಬಿಡುವ ಮುನ್ನ ಅವರು ಮಾಡಿದ ಕೊನೆಯ ಕಾರ್ಯಕ್ರಮದಲ್ಲಿ ಕುರಿಯಿಲ್ಲ, ಹಾರನ್ನಿಲ್ಲ. ಮುದುಕಿಯ ಆ ಪ್ರಶ್ನೆ, ಆಮೇಲೆ ನಾವೆಂದೂ ರೇಡಿಯೊದಲ್ಲಿ ಕೇಳಿರದ ಅವರದೇ ದನಿ:

"ಯವ್ವಾ, ಅದನ್ನ ಅಂದಾವ ನಾನು. ತಪ್ಪಾತು."