ಕನ್ನಡಿ ತೊಳೆದ ದಿನ

ಇಡೀ ಸಂಸ್ಥೆ ಅವಳನ್ನು ಕಣ್ಣಕ್ಕ ಎನ್ನುತ್ತಿತ್ತು. ಪ್ರೀತಿಗೇನೂ ಅಲ್ಲ, ನೆಲಮಾಳಿಗೆಯವಳ ಹೆಸರು ನೆನಪಿಟ್ಟುಕೊಳ್ಳುವ ಗೋಜು ಯಾರಿಗೆ ಬೇಕು? ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಕುಳಿತು ನಕ್ಷತ್ರಗಳ ಬೆಳಕಿನ ಗೆರೆ ನೋಡುತ್ತಿದ್ದಳು. ಬೆಟ್ಟದ ಮೇಲಿನ ಟೆಲಿಸ್ಕೋಪು ಒಂದೊಂದು ನಕ್ಷತ್ರದ ಬೆಳಕನ್ನೂ ರಾತ್ರಿಯಿಡೀ ಅಳೆಯುತ್ತದೆ, ಕಂಪ್ಯೂಟರು ಅದನ್ನು ಹಾಳೆಯ ಮೇಲೆ ಗೆರೆಯಾಗಿ ಎಳೆಯುತ್ತದೆ. ನಕ್ಷತ್ರದ ಮುಂದೆ ಅದರದೇ ಗ್ರಹವೊಂದು ಹಾದುಹೋದರೆ ಬೆಳಕು ಕೂದಲೆಳೆಯಷ್ಟು ಕುಗ್ಗಿ, ಗೆರೆಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ಮೋಡ ಹಾದರೂ ತಗ್ಗು ಬೀಳುತ್ತದೆ, ಯಂತ್ರ ಮುನಿಸಿಕೊಂಡರೂ ಬೀಳುತ್ತದೆ. ಯಾವುದು ಗ್ರಹ, ಯಾವುದು ಗ್ರಹಚಾರ ಎಂದು ಹೇಳುವುದು ಕಣ್ಣಕ್ಕನ ಕೆಲಸ.

ಆರು ವರ್ಷದ ಹಿಂದೆ ಅಂಥದ್ದೊಂದು ತಗ್ಗಿಗೆ ಅವಳು ಕೆಂಪು ಪೆನ್ಸಿಲಿನಲ್ಲಿ ಸುತ್ತುಹಾಕಿ, ‘ಗ್ರಹ’ ಎಂದು ಬರೆದು ಮೇಲಕ್ಕೆ ಕಳಿಸಿದ್ದಳು. ಮೂರೇ ದಿನಕ್ಕೆ ಹಾಳೆ ವಾಪಸು ಬಂತು. ‘ಕನ್ನಡಿ ತೊಳೆದ ದಿನ. ತಿರಸ್ಕೃತ’ ಎಂದು ನಿರ್ದೇಶಕರ ಕೈಬರಹ. ಟೆಲಿಸ್ಕೋಪಿನ ಕನ್ನಡಿ ತೊಳೆದ ಮೊದಲ ರಾತ್ರಿ ಅಳತೆ ನಂಬುವಂತಿರುವುದಿಲ್ಲ, ಆ ತಾರೀಕಿನ ರಾತ್ರಿಯನ್ನು ಬಿಡಬೇಕೆಂದು ನಿರ್ದೇಶಕರೇ ನಿಯಮ ಬರೆದಿದ್ದರು, ಅದು ಅವಳಿಗೂ ಗೊತ್ತು. ಆದರೆ ಸಭೆಯಲ್ಲಿ ನಿರ್ದೇಶಕರು, “ಕಣ್ಣಕ್ಕ ಕನ್ನಡಕ ಬದಲಾಯಿಸೋ ಕಾಲ ಬಂತು” ಎಂದದ್ದು, ಎಲ್ಲರೂ ಹಲ್ಲು ಕಿರಿದದ್ದು ಯಾವ ನಿಯಮ? ಅವಳು ಪೆದ್ದಿಯ ಹಾಗೆ ಹೋಗಿ ಕಣ್ಣು ತೋರಿಸಿಕೊಂಡೂ ಬಂದಳು. ನಂಬರು ಒಂದಿಷ್ಟೂ ಬದಲಾಗಿರಲಿಲ್ಲ.

ಮೊನ್ನೆ ಮಂಗಳವಾರ ಬೆಳಿಗ್ಗೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದರು. ಬೇರೆ ದೇಶದ ತಂಡವೊಂದು ಹೊಸ ಗ್ರಹ ಕಂಡುಹಿಡಿದಿದೆಯಂತೆ, ಹದವಾದ ಬಿಸಿಲಂತೆ, ನೀರೂ ಇರಬಹುದಂತೆ. ಪರದೆಯ ಮೇಲೆ ನಕ್ಷತ್ರದ ಸಂಖ್ಯೆ ಬಂತು, ಕೆಳಗೆ ಆ ಗೆರೆ. ಸಾವಿರಕ್ಕೆ ಎರಡು ಪಾಲು ಇಳಿತ, ಐದು ಗಂಟೆ ಉದ್ದ. ಕಣ್ಣಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗುವನ್ನು ಪಕ್ಕದ ಮನೆಯ ತೊಟ್ಟಿಲಲ್ಲಿ ನೋಡಿದ ಹಾಗಾಯಿತು. ಸುತ್ತಲೂ ಚಪ್ಪಾಳೆ ತಟ್ಟುತ್ತಿದ್ದರು.

ಅವಳು ದಡದಡನೆ ಮೆಟ್ಟಿಲಿಳಿದು ಕಪಾಟಿನಿಂದ ಹಳೆಯ ಹಾಳೆ ಎಳೆದಳು. ಅದೇ ಸಂಖ್ಯೆ. ಹದಿಮೂರನೇ ತಾರೀಕಿನ ರಾತ್ರಿ. ಕನ್ನಡಿ ತೊಳೆಯುವ ಮುದುಕರಿಗೆ, ಬೆಟ್ಟಕ್ಕೆ, ಫೋನು ಮಾಡಿ ವರ್ಷ, ತಿಂಗಳು ಹೇಳಿದಳು.

“ಮಾವ, ತೊಳೆದದ್ದು ಬರೆಯೋ ನಿಮ್ಮ ಪುಸ್ತಕ ನೋಡಿ ಹೇಳಿ. ಅವತ್ತು ಹದಿಮೂರಕ್ಕೆ ಎಷ್ಟೊತ್ತಿಗೆ ತೊಳೆದ್ರಿ?”

“ಯಾವತ್ತೂ ಬೆಳಿಗ್ಗೆ ಒಂಬತ್ತಕ್ಕೇ ಅಲ್ವೇನಮ್ಮ. ಆದ್ರೆ ಅದು ಹದಿಮೂರಲ್ಲ, ಹದಿನಾಲ್ಕರ ಬೆಳಿಗ್ಗೆ.”

“ಮತ್ತೆ ಹದಿಮೂರು ಅಂತ ಯಾಕೆ ಬರೆದಿದ್ದೀರಿ?”

“ಹಾಗೇ ತಾನೇ ಬರೀಬೇಕು? ಬೆಟ್ಟದಲ್ಲಿ ತಾರೀಕು ಬದಲಾಗೋದು ಮಧ್ಯಾಹ್ನ ಹನ್ನೆರಡಕ್ಕೆ, ಒಂದು ರಾತ್ರಿ ಎರಡು ತುಂಡಾಗಬಾರದು ಅಂತ. ಸೇರಿದ ದಿನಾನೇ ಕಿವಿ ಹಿಂಡಿ ಹೇಳಿಕೊಟ್ಟಿದ್ದಾರೆ ತಂಗಿ.”

ಅಂದರೆ ಹದಿಮೂರರ ರಾತ್ರಿ ಮುಗಿದು ಬೆಳಗಾದ ಮೇಲೆ ತೊಳೆದದ್ದು! ಬೆಟ್ಟ ಹತ್ತದೆ ಮೇಜಿನ ಮುಂದೆ ಕುಳಿತು ನಿಯಮ ಬರೆದ ಮಹಾನುಭಾವರು ಪುಸ್ತಕದ ತಾರೀಕು ಮಾತ್ರ ನೋಡಿ, ತೊಳೆಯುವುದಕ್ಕೆ ಮುಂಚಿನ ಒಳ್ಳೆಯ ರಾತ್ರಿಗಳನ್ನೆಲ್ಲ ಎಸೆದು, ತೊಳೆದ ಮೇಲಿನ ಕೆಟ್ಟ ರಾತ್ರಿಗಳನ್ನು ಜೋಪಾನ ಮಾಡಿದ್ದರು.

ಬಾಗಿಲು ತಟ್ಟದೆ ಒಳಹೊಕ್ಕ ಕಣ್ಣಕ್ಕ ಹಾಳೆಯನ್ನು ನಿರ್ದೇಶಕರ ಮುಂದೆ ಕುಕ್ಕಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಓದಿದರು, ಕ್ಯಾಲೆಂಡರು ನೋಡಿದರು, ಹಣೆ ಉಜ್ಜಿಕೊಂಡರು.

“ಸಣ್ಣ ತಾಂತ್ರಿಕ ಗೊಂದಲ ಕಣಮ್ಮ. ಇಂಥ ಮೂವತ್ತೇಳು ರಾತ್ರಿ ಇರಬೇಕು, ಕಪಾಟಲ್ಲೇ ಇವೆ. ಎಲ್ಲ ತೆಗೆಸಿ ಮತ್ತೆ ನೋಡೋಣ. ವರದಿ ಕೊನೇಲಿ ನಿಮಗೊಂದು ಕೃತಜ್ಞತೇನೂ ಹಾಕಿಸ್ತೀನಿ.”

“ಕೃತಜ್ಞತೆ ಉಪ್ಪಿನಕಾಯಿ ಹಾಕೋಕಾ ಸಾರ್? ‘ಅವಳ ಕಣ್ಣು ತಪ್ಪಲ್ಲ, ನನ್ನ ನಿಯಮ ತಪ್ಪು’ ಅಂತ ಬರೀರಿ. ನಕ್ಕರಲ್ಲ, ಅದೇ ಸಭೇಲಿ ಓದಿ.”

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ಆಯ್ತು. ಬರೀತೀನಿ, ಓದ್ತೀನಿ. ಅಲ್ಲಿಗೆ ಮುಗೀತು ತಾನೇ?”

ಮುಗಿಯಿತು ಎನ್ನಲು ಬಾಯಿ ತೆರೆದವಳು ಮೇಜಿನ ಮೇಲಿನ ಹಾಳೆಯ ಕೆಂಪು ಸುತ್ತು ನೋಡಿದಳು. ಆಮೇಲೂ ಅದೇ ಪೆನ್ಸಿಲು ಹಿಡಿದ ತನ್ನ ಕೈ ನೆನಪಾಯಿತು. ಆಗ ಬಂದಂಥ ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ, ಅದರಲ್ಲಿ ಅರ್ಧ ತನ್ನ ಮೇಲೆಯೇ.

“ಇಲ್ಲ ಸಾರ್. ನೀವು ತಿರಸ್ಕಾರ ಮಾಡಿದ್ದು ಕಪಾಟಿಗೆ ಹೋಗುತ್ತೆ. ನಾನು ಕೆಳಗೇ ಗ್ರಹ ಅಲ್ಲ ಅಂತ ಅಡ್ಡಗೆರೆ ಎಳೆದದ್ದು ವಾರದ ಕೊನೇಲಿ ರದ್ದಿಗೆ, ಕಂಪ್ಯೂಟರಲ್ಲೂ ಅಳಿಸಿಬಿಡ್ತಾರೆ. ಅವತ್ತು ನೀವೆಲ್ಲ ನಕ್ಕ ಮೇಲೆ ಇಷ್ಟು ಸಣ್ಣ ತಗ್ಗು ಕಂಡಾಗೆಲ್ಲ ನಾನು ಅಡ್ಡಗೆರೆ ಎಳೆದಿದ್ದೀನಿ. ಗ್ರಹ ಅನ್ನಿಸ್ತಿತ್ತು, ಆದ್ರೂ ಎಳೆದೆ. ಹೆದರಿ ಎಳೆದೆ.”

ನಿರ್ದೇಶಕರ ಮುಖ ಬಿಳಿಚಿಕೊಂಡಿತು. “ಎಷ್ಟಿರಬಹುದು?”

“ವಾರಕ್ಕೆ ಒಂದೋ ಎರಡೋ,” ಎಂದಳು ಕಣ್ಣಕ್ಕ. “ಆರು ವರ್ಷ.”